ಅಪ್ಪನ ಸಿಳ್ಳೆಗೆ ಹೊಸ ಹಲ್ಲು

ನಾನು ಚಿಕ್ಕವನಿದ್ದಾಗ ನನಗೂ ನಮ್ಮ ಅಪ್ಪನಿಗೂ ಒಂದೇ ವಾರದಲ್ಲಿ ಮುಂದಿನ ಹಲ್ಲು ಬಿದ್ದವು. ನಗಬೇಡಿ ಮಕ್ಕಳೇ, ಖರೆ ಹೇಳುತ್ತಿದ್ದೇನೆ. ನನ್ನದು ಹಾಲುಹಲ್ಲು, ಒಣಗಿದ ಕಟಕ್ ರೊಟ್ಟಿ ಕಡಿಯುವಾಗ ತಾನಾಗಿಯೇ ಕೈಗೆ ಬಂತು. ಅಪ್ಪನ ಹಲ್ಲನ್ನು ಮಾತ್ರ ನಮ್ಮ ಹಿಂಡಿನ ಟಗರು ಬೀಳಿಸಿತು. ಅದರ ಕಾಲಿಗೆ ನೆಟ್ಟಿದ್ದ ಜಾಲಿಮುಳ್ಳು ತೆಗೆಯಲು ಅಪ್ಪ ಬಗ್ಗಿದ್ದ. ನೋವು ತಾಳಲಾರದೆ ಅದು ತಲೆ ಎತ್ತಿ ಗುದ್ದಿತು. ಉಪಕಾರ ಮಾಡಲು ಹೋದವನ ಮೇಲಿನ ಎರಡು ಹಲ್ಲು ಹೋದವು.

ಬಿದ್ದ ಹಲ್ಲನ್ನು ಸೆಗಣಿಯುಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದರೆ ಹೊಸದು ಬೇಗ ಬರುತ್ತದೆ ಎಂದು ನಮ್ಮ ಕಡೆ ನಂಬುತ್ತಿದ್ದರು. ನಾನು ನನ್ನದರ ಜೊತೆ ಅಪ್ಪನವನ್ನೂ ಎಸೆದು ಬಂದೆ. ದಿನಾ ಬೆಳಗ್ಗೆ ಅಪ್ಪನ ಬಾಯಿ ತೆರೆಸಿ ನೋಡುತ್ತಿದ್ದೆ. ನನ್ನ ವಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಕಾಣಿಸಿಕೊಂಡಿತು. ಅಪ್ಪನದು ಹಾಗೆಯೇ ಬೋಳಾಗಿತ್ತು.

ಅಪ್ಪನಿಗೆ ರೊಟ್ಟಿಯ ಚಿಂತೆ ಇರಲಿಲ್ಲ. ಹಾಲಿನಲ್ಲೋ ಸಾರಿನಲ್ಲೋ ನೆನೆಸಿಕೊಂಡು ತಿನ್ನುತ್ತಿದ್ದ. ಅವನ ಚಿಂತೆ ಸಿಳ್ಳೆಯದು. ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ನಮ್ಮೂರು ರನ್ನ ಬೆಳಗಲಿಯ ಹೊರಗೆ ಒಂದು ಹಳ್ಳವಿತ್ತು. ಸಂಜೆ ನಮ್ಮ ಹಿಂಡೂ ಅಪ್ಪನ ತಮ್ಮನಾದ ಕಾಕಾನ ಹಿಂಡೂ ಅಲ್ಲಿ ನೀರು ಕುಡಿಯುವಾಗ ಕಲೆತು ಒಂದಾಗುತ್ತಿದ್ದವು. ಅವನ್ನು ಯಾರೂ ಕೋಲು ಹಿಡಿದು ಬೇರೆ ಮಾಡುತ್ತಿರಲಿಲ್ಲ. ಅಪ್ಪ ಈ ದಂಡೆಯಲ್ಲಿ ನಿಂತು, ಬೆರಳು ಹಾಕದೆ, ನಾಲಿಗೆಯನ್ನು ಮುಂದಿನ ಹಲ್ಲಿಗೆ ಒತ್ತಿ ಸಿಳ್ಳೆ ಹೊಡೆಯುತ್ತಿದ್ದ. ಕಾಕಾ ಆ ದಂಡೆಯಿಂದ ತನ್ನ ಸಿಳ್ಳೆ ಹೊಡೆಯುತ್ತಿದ್ದ. ಕುರಿಗಳು ತಮ್ಮ ತಮ್ಮ ಸಿಳ್ಳೆಯ ಗುರುತು ಹಿಡಿದು ಎರಡಾಗಿ ಒಡೆದು ಹೋಗುತ್ತಿದ್ದವು. ಒದ್ದೆ ಉಣ್ಣೆಯ ವಾಸನೆ, ಮರಿಗಳ ಅರಚಾಟ, ಕೆಂಪು ಧೂಳು, ಅದರ ನಡುವೆ ಆ ಎರಡು ಸಿಳ್ಳೆ. ನನಗೆ ಈಗಲೂ ಕಿವಿಯಲ್ಲಿದೆ.

ಹಲ್ಲು ಹೋದ ಮೇಲೆ ಅಪ್ಪನ ಬಾಯಿಂದ ಬರೀ ಗಾಳಿ ಬಂತು. ನಮ್ಮ ಕುರಿಗಳು ಒಂದು ಕ್ಷಣ ನಿಂತು ನೋಡಿ, ಕಾಕಾನ ಸಿಳ್ಳೆಯ ಹಿಂದೆ ನಡೆದುಬಿಟ್ಟವು. ಅಪ್ಪ ಬೆರಳು ಹಾಕಿ ಊದಿ ನೋಡಿದ, ಹೆಸರು ಹಿಡಿದು ಕರೆದ. ಊಹೂಂ. ದಿನಾ ಕತ್ತಲಾಗುವವರೆಗೆ ಅಕ್ಕ ಓಡಾಡಿ ಒಂದೊಂದನ್ನೇ ಕಿವಿ ಹಿಡಿದು ತರಬೇಕಾಯಿತು. ಒಂದು ಸಂಜೆ ಅಪ್ಪ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಹೇಳಿದ, "ನನ್ನ ಕುರಿಗೆ ನಾ ಯಾರಂತ ತಿಳಿವಲ್ದು. ಹಿಂಡು ತಮ್ಮಗ ಒಪ್ಪಿಸಿಬಿಡತೇನಿ." ನನಗೆ ಅಳು ಬಂತು. ಕುರಿ ಇಲ್ಲದ ಅಪ್ಪನನ್ನು ನಾನು ಕಂಡೇ ಇರಲಿಲ್ಲ.

ಆಗ ಕಾಕಾನೇ ಹೇಳಿದ, "ಅಣ್ಣಾ, ಮುಧೋಳ ಸಂತಿಗೆ ಜಮಖಂಡಿಯಿಂದ ಹಲ್ಲು ಕಟ್ಟಾವ್ರು ಬರತಾರ. ಒಮ್ಮಿ ಹೋಗಿ ಬಾ." ಅಪ್ಪ ಹೋಗಿ ಬಾಯಿಯ ಅಳತೆ ಕೊಟ್ಟು ಬಂದ. ಮುಂದಿನ ಸಂತೆಗೆ ಹೊರಟಾಗ ಅಕ್ಕನನ್ನೂ ನನ್ನನ್ನೂ ಕರೆದುಕೊಂಡ. ಜೊತೆಗೆ ಚುಕ್ಕಿಯನ್ನೂ ಹಗ್ಗ ಕಟ್ಟಿ ಹೊರಡಿಸಿದ. ಚುಕ್ಕಿ ಎಂದರೆ ಹಿಂಡಿನ ಮುಂದೆ ನಡೆಯುವ ಹಣೆಚುಕ್ಕಿಯ ಕುರಿ. ಅದು ಯಾಕೆ ಎಂದು ಅವ್ವ ಕೇಳಿದರೆ ಅಪ್ಪ ಹೇಳಿದ್ದೇನು ಗೊತ್ತೇ? "ಹಲ್ಲು ಛಲೋ ಆಗ್ಯಾವೋ ಇಲ್ಲೋ, ಅದs ಹೇಳಬೇಕಲ್ಲ."

ದಾರಿಯುದ್ದಕ್ಕೂ ಜನ ಕೇಳಿದ್ದೇ ಕೇಳಿದ್ದು. "ಕುರಿ ಮಾರಾಕ ಹೊಂಟೀರೇನ್ರಿ?" ಅಪ್ಪ ಗಂಭೀರವಾಗಿ, "ಇಲ್ರಿ, ಹಲ್ಲು ತರಾಕ" ಎನ್ನುತ್ತಿದ್ದ. ಅಕ್ಕ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಡೆದಳು.

ಹಲ್ಲು ಕಟ್ಟುವವರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹಿಂದೆ ತೂಗಿದ್ದ ತಗಡಿನ ಫಲಕದಲ್ಲಿ ಕೆಂಪು ವಸಡಿನ ಒಂದು ದೊಡ್ಡ ನಗು. ಆ ನಗುವಿಗೆ ಮುಖವೇ ಇರಲಿಲ್ಲ, ನನಗೆ ಹೆದರಿಕೆಯಾಯಿತು. ಲವಂಗದೆಣ್ಣೆಯ ಘಾಟು ಮೂಗಿಗೆ ಬಡಿಯುತ್ತಿತ್ತು. ಅವರು ನೀರಿನ ಬಟ್ಟಲಿನಿಂದ ಎರಡು ಹಲ್ಲು ಕೂರಿಸಿದ ಗುಲಾಬಿ ಬಿಲ್ಲೆಯೊಂದನ್ನು ತೆಗೆದು ಅಪ್ಪನ ಬಾಯಲ್ಲಿ ಕೂರಿಸಿ ಕನ್ನಡಿ ಹಿಡಿದರು. ಅಪ್ಪ ಮದುಮಗನ ಹಾಗೆ ಕಂಡ. ಮುತ್ತು ಪೋಣಿಸಿದಂಥ ಹಲ್ಲು.

"ಇದರಾಗ ಸಿಳ್ಳಿ ಬರತೈತೇನ್ರಿ?" ಎಂದು ಅಪ್ಪ ಕೇಳಿದ.

ಅವರು ನಕ್ಕುಬಿಟ್ಟರು. "ಕಡ್ಲಿ ಕಡಿಯಾಕ ಬರತೈತೇನು ಅಂತಾರ, ಎಲಿ ಅಡಿಕಿ ಹಾಕಬಹುದೇನು ಅಂತಾರ. ಸಿಳ್ಳಿ ಕೇಳಿದವ್ರು ನೀವs ಮೊದಲ್ರಿ, ಯಜಮಾನ್ರ."

ಅಪ್ಪ ನಾಲಿಗೆ ಒತ್ತಿ ಊದಿದ. ಫುಸ್ ಎಂದಿತು. ಮತ್ತೆ ಊದಿದ. ಫುಸ್. ಚುಕ್ಕಿ ಯಾರೋ ಬಿಸಾಡಿದ ಬಾಳೆಸಿಪ್ಪೆ ಮೆಲ್ಲುತ್ತಾ ತಲೆಯನ್ನೂ ಎತ್ತಲಿಲ್ಲ. ಅಪ್ಪನ ಮುಖ ಇಳಿದುಹೋಯಿತು. ಸುತ್ತ ನೆರೆದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅವನನ್ನು ಟಗರಿನ ಕೈಗೆ ಕೊಡಬೇಕು ಅನ್ನಿಸಿತು ನನಗೆ.

ಹಲ್ಲು ಕಟ್ಟುವವರು ಇನ್ನೊಂದು ದಾರಿ ಹೇಳಿದರು. ಪಕ್ಕದ ಹಲ್ಲುಗಳನ್ನು ಸ್ವಲ್ಪ ತಿಕ್ಕಿ, ಅವಕ್ಕೆ ಬಂಗಾರದ ಹಲ್ಲು ಬಿಗಿದು ಕೂರಿಸಬಹುದು. ಅದು ಅಲ್ಲಾಡುವುದಿಲ್ಲ, ತೆಗೆಯುವ ತಾಪತ್ರಯವಿಲ್ಲ, ಸಾಯುವವರೆಗೂ ಇರುತ್ತದೆ. ಬಂಗಾರ ಎಂದೊಡನೆ ನಾನು ಕುಣಿದೆ. ಅಪ್ಪನೂ ಆಸೆಪಟ್ಟ, ಕಣ್ಣಲ್ಲೇ ತಿಳಿಯುತ್ತಿತ್ತು. ಆದರೆ ಸಿಳ್ಳೆ ಬರುತ್ತದೆ ಎಂದು ಅವರೂ ಮಾತು ಕೊಡಲಿಲ್ಲ.

ಅಕ್ಕ ಸೆರಗು ಸರಿಸಿ ಮೆಲ್ಲಗೆ ಹೇಳಿದಳು, "ಅಪ್ಪಾ, ನಿನ್ನ ಹಲ್ಲಿನ ನಡುವ ಸಂದಿ ಇತ್ತಲ್ಲ. ಜ್ವಾಳದ ಕಾಳು ಸಿಗಬೀಳತಿತ್ತು. ಇವಕ್ಕ ಸಂದಿನs ಇಲ್ಲ."

ಹಲ್ಲು ಕಟ್ಟುವವರು ಅಕ್ಕನನ್ನೂ ಹಲ್ಲನ್ನೂ ನೋಡಿದರು. "ಸಂದಿ ಮುಚ್ಚರಿ ಅಂತ ಬರೂ ಮಂದಿನs ಎಲ್ಲಾ. ನಾನೂ ಛಂದ ಕಾಣಲಿ ಅಂತ ಕೂಡಿಸೇನಿ. ಬಿಡಸಿ ಕೊಡ್ಲೇನ್ರಿ? ನೋಡಾಕ ಅಷ್ಟು ಛಂದ ಇರಂಗಿಲ್ಲ ಮತ್ತ."

ಅಪ್ಪ ಕೇಳಿದ, "ತಪ್ಪಿದ್ರ ಮತ್ತ ತಿದ್ದಾಕ ಬರತೈತೇನ್ರಿ?"

"ಈ ತೆಗೆದು ಹಾಕೂ ಹಲ್ಲಿಗೆ ಬರತೈತಿ. ಬಂಗಾರದ್ದು ಒಮ್ಮಿ ಬಿಗದ್ರ ಆತು, ಮುಗೀತು."

"ಹಂಗಾದ್ರ ಇದs ಇರಲಿ" ಎಂದ ಅಪ್ಪ. ಬಂಗಾರ ಕೈತಪ್ಪಿತು ಎಂದು ನಾನು ಮುಖ ಊದಿಸಿಕೊಂಡೆ.

ಅವರು ಸಣ್ಣ ಅರದಿಂದ ಎರಡು ಹಲ್ಲಿನ ನಡುವೆ ತಿಕ್ಕತೊಡಗಿದರು. ಒಮ್ಮೆ ತಿಕ್ಕುವುದು, ಬಾಯಿಗೆ ಹಾಕುವುದು, ಊದುವುದು. ಫುಸ್. ತೆಗೆದು ಮತ್ತೆ ತಿಕ್ಕುವುದು. ಸಂತೆ ಮುಗಿಸಿದ ಜನವೆಲ್ಲ ಸುತ್ತ ನಿಂತಿದ್ದರು. ಕೊನೆಗೆ ತೆಳುವಾಗಿ ಒಂದು ಸಿಳ್ಳೆ ಹೊರಟಿತು, ಸ್ವಲ್ಪ ಗೊಗ್ಗರು. ಚುಕ್ಕಿಯ ಬಾಯಿ ನಿಂತಿತು. ಕಿವಿ ಎತ್ತಿತು. ಅಪ್ಪ ಇನ್ನೊಮ್ಮೆ ಹೊಡೆದ. ಅದು ಹಗ್ಗ ಜಗ್ಗಿಕೊಂಡು ಬಂದು ಅಪ್ಪನ ಮೊಣಕಾಲಿಗೆ ಹಣೆ ಒತ್ತಿ ನಿಂತಿತು.

ಆದರೂ ಅಪ್ಪನಿಗೆ ಧೈರ್ಯವಿರಲಿಲ್ಲ. ಒಂದು ಕುರಿ ಬಂದರೆ ಹಿಂಡು ಬಂದಂತಲ್ಲ. ನಾಲಿಗೆಯಿಂದ ಹೊಸ ಸಂದಿಯನ್ನು ತಡವುತ್ತಲೇ ದಾರಿ ನಡೆದ. ಹಳ್ಳ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕಾಕಾ ಹೊಡೆದುಕೊಂಡು ಬಂದಿದ್ದ ಎರಡೂ ಹಿಂಡು ನೀರಿನಲ್ಲಿ ಕಲೆತು ನಿಂತಿದ್ದವು. ಅಪ್ಪ ಚುಕ್ಕಿಯ ಹಗ್ಗವನ್ನು ಅಕ್ಕನ ಕೈಗೆ ಕೊಟ್ಟ. "ಇದನ್ನ ನೋಡಿ ಬರಬಾರ್ದು. ನನ್ನ ಕೇಳಿ ಬರಬೇಕು" ಎಂದ. ಆ ದಂಡೆಯಲ್ಲಿದ್ದ ಕಾಕಾ ಅಪ್ಪನನ್ನು ಕಂಡು ತನ್ನ ಸಿಳ್ಳೆಯನ್ನು ಬಾಯಲ್ಲೇ ತಡೆದುಕೊಂಡು ಕಾದ.

ಅಪ್ಪ ಊದಿದ. ಕುರಿಗಳು ತಲೆ ಎತ್ತಿದವು, ಆದರೆ ಕಾಲು ಕೀಳಲಿಲ್ಲ. ಅಪ್ಪ ಬಗ್ಗಿ ಹಳ್ಳದ ನೀರಿನಿಂದ ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದ. ಈ ಸಲ ಒಂದು ಮುದಿ ಕುರಿ ನೀರಿನಿಂದ ಹೊರಬಂತು. ಅದರ ಹಿಂದೆ ಎರಡು ಮರಿ. ಆಮೇಲೆ ನೀರು ಚೆಲ್ಲಾಡಿಸುತ್ತಾ ಇಡೀ ಹಿಂಡು ನಮ್ಮ ದಂಡೆಗೆ ಹತ್ತಿತು. ಅಪ್ಪನ ಹಲ್ಲು ಬೀಳಿಸಿದ ಟಗರೂ ಬಂತು. ಅಪ್ಪ ಅದರ ಕೊಂಬು ಹಿಡಿದು, "ಗುರುತ ಸಿಕ್ಕಿತೇನಲೇ ನಿನಗ?" ಎಂದು ಕೇಳುತ್ತಾ ಅತ್ತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಈಗ ನಾವೆಲ್ಲ ಬನಹಟ್ಟಿಯಲ್ಲಿ ಇದ್ದೇವೆ. ನಿಮ್ಮ ಅಪ್ಪನಿಗೆ ತಿಂಗಳ ಪಗಾರದ ನೌಕರಿ. ಓಣಿಯ ತುಂಬ ಮಗ್ಗದ ಸದ್ದು. ಇಲ್ಲಿ ಎಂಥ ಸಿಳ್ಳೆಯೂ ಕೇಳಿಸದು. ನಾವು ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಬೀಳಗಿಯ ಹೊಳೆದಂಡೆಯ ಮೇಲೆ ಈಗ ಆಲಮಟ್ಟಿಯ ಹಿನ್ನೀರು ನಿಂತಿದೆ. ಮೊನ್ನೆ ನೀವು ನನ್ನನ್ನು ಜಮಖಂಡಿಯ ಹಲ್ಲಿನ ಆಸ್ಪತ್ರೆಗೆ ಕರೆದೊಯ್ದಿರಿ. ತಣ್ಣನೆಯ ಕೋಣೆ, ಏರಿಳಿಯುವ ಕುರ್ಚಿ. ಎಲುಬಿಗೇ ತಿರುಪು ಕೂರಿಸುವ ಹಲ್ಲು, ಪಕ್ಕದ ಹಲ್ಲಿಗೆ ಬಿಗಿಯುವ ಹಲ್ಲು, ತೆಗೆದು ಹಾಕುವ ಹಲ್ಲು, ಎಲ್ಲದರ ಚಿತ್ರ ತೋರಿಸಿದರು. ಡಾಕ್ಟರಮ್ಮ ಒಳ್ಳೆಯ ಹುಡುಗಿ. "ಅಜ್ಜಾರ, ಯಾವ ಹಲ್ಲು ಬೇಕ್ರಿ ನಿಮಗ?" ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ನೀವು ಮುದುಕ ಹೆದರಿದ ಅಂದುಕೊಂಡಿರಿ.

ಹೆದರಿಕೆಯಲ್ಲ ಮಕ್ಕಳೇ. ಹಲ್ಲು ಹೋದಾಗಿನಿಂದ ನಾನು ನಿಮ್ಮ ಹೆಸರು ಕೂಗಿದರೆ ಅರ್ಧ ಗಾಳಿಯಲ್ಲೇ ಹೋಗುತ್ತದೆ. ನೀವು ಮೊಬೈಲಿನಿಂದ ಕಣ್ಣು ಕೀಳುವುದಿಲ್ಲ. ನಾಳೆ ಹೋಗಿ ಡಾಕ್ಟರಮ್ಮನಿಗೆ ಹೇಳುತ್ತೇನೆ, ಯಾವ ಹಲ್ಲಾದರೂ ಆಗಲಿ, ನನ್ನ ಮೊಮ್ಮಕ್ಕಳ ಹೆಸರು ಸರಿಯಾಗಿ ಹೊರಡಬೇಕು ಎಂದು. ಅದನ್ನು ಹಾಕಿಕೊಂಡು ಒಂದು ಸಂಜೆ ಅಂಗಳದಲ್ಲಿ ನಿಂತು ನಿಮ್ಮನ್ನು ಕರೆಯುತ್ತೇನೆ. ಓಡಿ ಬರಬೇಕೆಂದಿಲ್ಲ, ಒಮ್ಮೆ ತಲೆ ಎತ್ತಿ ನೋಡಿ.