ಕೋಟೆ ತಿರುವಿನ ಹಾರ್ನ್

ಮೊನ್ನೆ ಸಂಡೂರಿನ ಹಳೆ ಬಂಗಲೆ ಹೋಟೆಲಿನ ಅಂಗಳದಾಗ ಗೆಸ್ಟುಗಳ ಮುಂದ ರೊಟ್ಟಿ ಸುಡಾಕತ್ತಿದ್ರು. ಬಿಳಿ ಟೊಪ್ಪಿಗಿ ಹಾಕ್ಕೊಂಡ ಬಾಣಸಿಗ, ಹೊಳೆಯೋ ಹಂಚು, ಸುತ್ತ ಫೋಟೋ ಹೊಡ್ಕೊಳ್ಳೋ ಮಂದಿ. ನಾನು ಟೂರಿಸ್ಟ್ ಕಾರಿನ ಡ್ರೈವರ್, ಗಾಡಿ ಹತ್ರ ನಿಂತಿದ್ದೆ. ಹಂಚಿನ ಮ್ಯಾಲೆ ಜೋಳದ ಹಿಟ್ಟು ಸೀಯೋ ವಾಸನಿ ಬಂತು ನೋಡ್ರಿ… ಕಂಪ್ಲಿ ಕೋಟೆಯ ಅಕ್ಕ ನೆನಪಾದ್ಲು.

ಆಕಿ ಮನಿ ಕೋಟೆ ಗ್ವಾಡಿಗೆ ಹತ್ತಿಕೊಂಡಿತ್ತು. ಹಂಪಿ ಸುತ್ತಿ ಸುಸ್ತಾದ ಗೆಸ್ಟುಗಳಿಗೆ ಕಂಪ್ಲಿ ಕೋಟೆ ತೋರಿಸಿ, ಅಕ್ಕನ ಮನಿಯಾಗ ಉಣಿಸಿ, ಹೊಳಿ ದಾಟಿ ಆನೆಗೊಂದಿಯ ಹಳೆ ಮನಿ ಹೋಟೆಲಿಗೆ ಬಿಡೋದು ನನ್ನ ಕೆಲಸ. ಆರಿದ ರೊಟ್ಟಿ ಬಡಿಸೋದಂದ್ರ ಆಕಿಗೆ ಆಗ್ತಿದ್ದಿಲ್ಲ. ಅದಕ್ಕ ನಮ್ಮಿಬ್ಬರ ನಡುವ ಒಂದು ಕರಾರು ಇತ್ತು. ಕೋಟೆ ತಿರುವಿನಾಗ ನಾನು ಉದ್ದಕ ಹಾರ್ನ್ ಹೊಡಿಬೇಕು, ಆಕಿ ಒಲಿ ಮ್ಯಾಲೆ ಹಂಚು ಇಡಬೇಕು. ಗೆಸ್ಟುಗಳು ಬುರುಜು, ಬಾಗಿಲು ನೋಡ್ಕೊಂತ ಬರೋದ್ರಾಗ ರೊಟ್ಟಿ ಉಬ್ಬಿರ್ತಿತ್ತು.

"ಬರ್ರಿ, ಕುಂದ್ರಿ" ಅಂತ ಫಾರಿನ್‌ನವರಿಗೂ ಕನ್ನಡದಾಗ ಗದರ್ಸಿ ಬಡಿಸ್ತಿದ್ಲು. ಪುಂಡಿಪಲ್ಯ, ಶೇಂಗಾ ಚಟ್ನಿ, ಮ್ಯಾಲೆ ಬೆಣ್ಣಿ. ಅವರು ಖಾರಕ್ಕ ಕಣ್ಣೀರು ಹಾಕಿದ್ರ ಸೆರಗು ಬಾಯಿಗಿಟ್ಟು ನಗ್ತಿದ್ಲು. ನಾನು ಗಾಡಿಯಾಗ ಕುಂತ್ರ, "ಲೇ ತಮ್ಮಾ, ಸ್ಟೇರಿಂಗ್ ಏನ್ ಓಡಿ ಹೋಗತೈತೇನು? ಬಾ, ಉಣ್ಣು" ಅಂತ ಕೂಗೋಳು.

ಸಣ್ಣ ಮನಿ, ಕಟ್ಟಿಗಿ ಒಲಿ, ಹೊಗಿ ಇದ್ದದ್ದ. ಆ ಹೊಗಿನೇ ಮುಳುವಾತು. ಒಬ್ಬ ಗೆಸ್ಟು ಕೆಮ್ಮಿ ಕೆಮ್ಮಿ ಸಾಕಾಗಿ ಕಂಪ್ಲೇಂಟ್ ಮಾಡಿದ. ಟ್ರಾವೆಲ್ಸ್ ಮ್ಯಾನೇಜರ್ ನನ್ನ ಕರ್ದು, "ಇನ್ಮ್ಯಾಲೆ ಊಟ ಡಬ್ಬಿಯಾಗ. ಕೋಟೆ ಹತ್ರ ಗಾಡಿ ನಿಲ್ಸಬ್ಯಾಡ" ಅಂದ್ರು. ಹೂಂ ಅಂದೆ.

ಅಕ್ಕಗ ಹೇಳಲಿಲ್ಲ. ಹೆಂಗ ಹೇಳಲಿ? ನಿನ್ನ ಮನಿ ಹೊಗಿ ಅವರಿಗೆ ಆಗಂಗಿಲ್ಲ ಅಂತ ಆಕಿ ಮಾರಿ ನೋಡಿ ಹೇಳೋ ಗುಂಡಿಗಿ ನನಗಿದ್ದಿಲ್ಲ. ನಾಕು ದಿನ ಹೋದ್ರ ಆಕಿಗೆ ತಾನಾ ತಿಳೀತೈತಿ ಅಂದ್ಕೊಂಡೆ. ಆನೆಗೊಂದಿಗೆ ಹೋಗೋ ದಾರಿ ಮಾತ್ರ ಅದೇ ಆಗಿತ್ತು. ತಿರುವಿನಾಗ ಎಮ್ಮಿ ಅಡ್ಡ ಬರ್ತಿದ್ವು, ಕೈ ತಾನಾ ಹಾರ್ನ್ ಮ್ಯಾಲೆ ಹೋಗ್ತಿತ್ತು. ಮೊದಲಿನಂಗ ಉದ್ದಕ ಹೊಡೀತಿದ್ದೆ, ದಾಟಿ ಹೋಗ್ತಿದ್ದೆ. ಒಂದಿನಾನೂ ನನ್ನ ತಲಿಗೆ ಹೊಳೀಲಿಲ್ಲ…

ಬ್ಯಾಸಿಗಿ ಕಳದ ಮ್ಯಾಲೆ, ಗಾಡಿ ಖಾಲಿ ಇದ್ದಾಗ, ಧೈರ್ಯ ಮಾಡಿ ಹೋದೆ. ಬಾಗಿಲಿಗೆ ಕೀಲಿ ಬಿದ್ದಿತ್ತು. ಪಕ್ಕದ ಮನಿಯಾಕಿ ಹೊರಗ ಬಂದು ಗಾಡಿ ನೋಡಿದ್ಲು.

"ಆ ಹಾರ್ನಿನವರು ನೀವ ಏನ್ರಿ?"

"ಹೂಂ. ಅಕ್ಕ ಎಲ್ಲಿ?"

"ತೀರ್ಕೊಂಡು ತಿಂಗಳಾತ್ರಿ. ನಿಮ್ಮ ಹಾರ್ನ್ ಕೇಳಿದ್ರ ಸಾಕು, ಜ್ವರ ಇದ್ರೂ ಎದ್ದು ಒಲಿ ಹಚ್ಚಾಕಿ. ರೊಟ್ಟಿ ಬಡಿದು ಬಾಗಿಲಾಗ ಕುಂದ್ರಾಕಿ. ನೀವು ಬರ್ಲಿಲ್ಲಂದ್ರ ನಮ್ಮ ಹುಡುಗರಿಗೆ ಕೊಡಾಕಿ. ಪಾಪ, ಅವಸರದಾಗ ಇರಬೇಕು, ನಾಳಿ ಬರ್ತಾನ ಬಿಡು, ಅನ್ನಾಕಿ."

ಕಟ್ಟಿ ಮ್ಯಾಲೆ ಕುಂತುಬಿಟ್ಟೆ. ಆಯಮ್ಮ ನೀರು ತಂದುಕೊಟ್ಲು, ಕುಡಿಯಾಕಾಗಲಿಲ್ಲ. ಹೇಳಿದ್ದಿದ್ರ ಅಕ್ಕ ಒಂದು ದಿನ ಬೈತಿದ್ಲು, ಅಷ್ಟ. ಬೈಸಿಕೊಳ್ಳಾಕ ಅಂಜಿ ಆಕಿನ್ನ ದಿನಾ ಕಾಯಿಸಿದೆ. ಥೂ, ಎಂಥ ಬಾಳೇವು ನಂದು ಅನ್ನಿಸ್ತು. ಇವತ್ತಿಗೂ ಅನ್ನಿಸ್ತೈತಿ.

ಮೊನ್ನೆ ಆ ಬಾಣಸಿಗ ನನಗೂ ಒಂದು ರೊಟ್ಟಿ ಕೊಟ್ಟ. ಇಸ್ಕೊಂಡೆ, ತಿನ್ನಲಿಲ್ಲ. ಗೆಸ್ಟುಗಳನ್ನ ಹತ್ತಿಸ್ಕೊಂಡು ಹೊಸಪೇಟೆ ದಾಟಿ ಕಂಪ್ಲಿ ದಾರಿ ಹಿಡಿದೆ. ತಿರುವು ಬಂತು, ಎಮ್ಮಿನೂ ಬಂದ್ವು. ಗಾಡಿ ನಿಲ್ಲಿಸಿ ಸುಮ್ನ ಕುಂತೆ. ಹಿಂದಿನ ಸೀಟಿನ ಯಜಮಾನ್ರಿಗೆ ತಡೀಲಿಲ್ಲ.

"ಯಾಕ್ರೀ ನಿಂತ್ರಿ? ಒಂದು ಹಾರ್ನ್ ಹೊಡೀರಿ."

"ಬ್ಯಾಡ್ರಿ," ಅಂದೆ. "ಅಕ್ಕನ ಮನಿ ತನಕ ಕೇಳಿಸ್ತೈತಿ."