ಎರಡು ಮೊಳ ಬಟ್ಟೆಗೊಂದು ಸಾಬೂನು

ನಮ್ಮ ಮನೆಯಲ್ಲಿ ಎಲ್ಲರ ಬಟ್ಟೆಗೂ ಅಂಗಡಿಯ ಪುಡಿ, ಮಾವನವರ ಲಿಂಗವಸ್ತ್ರಕ್ಕೆ ಮಾತ್ರ ನಾನೇ ಮಾಡಿದ ಸಾಬೂನು. ಎರಡು ಮೊಳ ಬಟ್ಟೆ ಒಗೆಯಲು ಈ ಹೆಂಗಸು ಮಾಳಿಗೆ ಹತ್ತಿ ಸಾಬೂನು ಕಲಸುತ್ತಾಳೆ ಎಂದು ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನಗುವವರು ನಗಲಿ. ಆ ಬಟ್ಟೆ ಈಗ ಅವರ ಎದೆಯ ಮೇಲೆ ತಣ್ಣಗೆ ಕೂತಿದೆ, ನನಗೆ ಅಷ್ಟು ಸಾಕು.

ಮಾವನವರು ಇಷ್ಟಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುವವರು. ಬೆಳ್ಳಿಯ ಕರಡಿಗೆ ಮಾಡಿಸುತ್ತೇವೆಂದರೂ ಒಪ್ಪಲಿಲ್ಲ. ವಸ್ತ್ರಗಳು ಎರಡು; ಒಂದು ಎದೆಯ ಮೇಲಿದ್ದರೆ ಇನ್ನೊಂದು ಹಗ್ಗದ ಮೇಲೆ. ಅದನ್ನು ಮನೆಯ ಉಳಿದ ಬಟ್ಟೆಗಳ ಜೊತೆ ನೆನೆಸುವಂತಿಲ್ಲ, ಬೇರೆ ಚಂಬು, ಬೇರೆ ನೀರು. ಅತ್ತೆ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ಅದರ ಜೊತೆಗೆ ಅತ್ತೆಗಿಂತ ಬೆಳ್ಳಗೆ ಒಗೆದು ತೋರಿಸಬೇಕೆಂಬ ಹಟವೂ ಬಂತು. ಬಕೇಟಿಗೆ ಹಾಕಿ ರೂಢಿಯಾದ ಕೈ ನನ್ನದು. ಚಂಬಿನ ನೀರಿಗೂ ಅದೇ ಮುಷ್ಟಿ ಪುಡಿ, ಮೇಲಿಷ್ಟು ನೀಲಿ. ವಸ್ತ್ರ ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದವರು ಹೊಗಳಿದರೆ ಏನೂ ಕೇಳದವಳಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ, ಒಳಗೊಳಗೇ ಉಬ್ಬಿಹೋಗುತ್ತಿದ್ದೆ.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ನೆನೆಸಲೆಂದು ವಸ್ತ್ರ ಬಿಡಿಸಿದರೆ ಅದರ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಕಲೆ. ಸೊಸೆಯ ಮುಂದೆ ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚದ ಮನುಷ್ಯ, ನಾನು ಕೇಳಿದರೆ ಏನು ಹೇಳಿಯಾರು? ಗಂಡನನ್ನು ಅವರ ಕೋಣೆಗೆ ಕಳಿಸಿದೆ. ಹೊರಗೆ ಬಂದಾಗ ಇವರ ಮುಖ ಕಪ್ಪಿಟ್ಟಿತ್ತು. ಅಪ್ಪನ ಎದೆಯ ಮೇಲೆ ಅಂಗೈಯಗಲ ಚರ್ಮ ಕೆಂಪಾಗಿ ಸುಲಿದಿದೆ, ಕೆರೆದು ಕೆರೆದು ರಕ್ತ ಬಂದಿದೆ ಎಂದರು.

ಮರುದಿನವೇ ಹುಮನಾಬಾದಿಗೆ, ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮುಲಾಮು ಬರೆದುಕೊಟ್ಟು, ಎರಡು ತಿಂಗಳು ನೋಡೋಣ, ಆಗಲೂ ಆರದಿದ್ದರೆ ಕೊರಳಲ್ಲಿ ಏನನ್ನೂ ಕಟ್ಟುವಂತಿಲ್ಲ ಎಂದರು. ಬಾಗಿಲ ಹೊರಗೆ ನಿಂತಿದ್ದ ನನಗೆ ಮಾವನವರ ಉತ್ತರ ಕೇಳಿಸಿತು.

"ತೊಟ್ಟಿಲದಾಗ ಇದ್ದಾಗ ಕಟ್ಟ್ಯಾರ್ರಿ ಇದನ್ನ. ಮಣ್ಣಿಗಿ ಹೋಗಾಗೂ ನನ್ನ ಸಂಗಾಟೇ ಬರ್ತದ. ಅದೊಂದು ಬಿಟ್ಟು ಮತ್ತೇನರೆ ಹೇಳ್ರಿ."

ಅವರ ಧ್ವನಿ ನಡುಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಆ ಧ್ವನಿ ನಡುಗಿದ್ದನ್ನು ನಾನು ಕೇಳಿರಲಿಲ್ಲ.

ನನ್ನ ತವರು ಹುಮನಾಬಾದಿನಲ್ಲೇ. ಊಟಕ್ಕೆಂದು ಅಲ್ಲಿಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಹಿಂದೊಮ್ಮೆ ಮಹಿಳಾ ಮಂಡಳದಲ್ಲಿ ಸಾಬೂನು ಮಾಡಲು ಕಲಿತವಳು. ಡಾಕ್ಟರ ಚೀಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನನ್ನ ಚೀಲದಲ್ಲಿದ್ದ ಇನ್ನೊಂದು ವಸ್ತ್ರ ತೆಗೆದು ಒಂದು ಗ್ಲಾಸು ನೀರಿನಲ್ಲಿ ಅದ್ದಿ ಹಿಂಡಿದಳು. ಸಾಬೂನೇ ಹಾಕದ ನೀರಿನ ಮೇಲೆ ಬುರುಬುರು ನೊರೆ ಎದ್ದಿತು.

"ಇದು ಒಗದದ್ದೇನ?" ಎಂದಳು.

"ಹೌದವ್ವ."

"ಒಗದಿಲ್ಲ, ಇದಕ್ಕ ಪುಡಿ ಉಣಿಸೀದಿ. ಪಾಪ ಬೀಗರು ದಿನಾ ಬೆವರಿನಾಗ ಇದನ್ನೇ ಎದಿಗಿ ಕಟ್ಟಿಕೊಂಡು ಕುಂತಾರ."

ನಾನು ಭೂಮಿಗಿಳಿದು ಹೋದೆ. ಯಾರ ಮೇಲಾದರೂ ರೇಗೋಣವೆಂದರೆ ರೇಗಲು ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಬೆಳ್ಳಗೆ ಒಗೆಯುವ ನನ್ನ ಜಂಬ ಆ ಮನುಷ್ಯನ ಎದೆಯಿಂದ ಲಿಂಗವನ್ನೇ ಇಳಿಸುವ ಹಂತಕ್ಕೆ ತಂದಿತ್ತು.

ಅಂದಿನಿಂದ ವಸ್ತ್ರವನ್ನು ಬರೀ ನೀರಿನಲ್ಲಿ ಕುದಿಸಿದೆ. ಆದರೆ ಮುಲಾಮಿನ ಜಿಡ್ಡು, ವಿಭೂತಿ, ಬೆವರು ಎಲ್ಲ ಸೇರಿ ಅದು ಒಣಗಿಸಿದ ಕಟಕ್ ರೊಟ್ಟಿಯಂತೆ ಬಿರುಸಾಯಿತು. ಮೆದುವಾದ ಸಾಬೂನು ಬೇಕೇ ಬೇಕಾಯಿತು. ಅವ್ವ ಫೋನಿನಲ್ಲಿ ಹೇಳಿಕೊಟ್ಟಳು: ಆರು ತೂಕ ಎಣ್ಣೆಗೆ ಒಂದು ತೂಕ ಕಾಸ್ಟಿಕ್ ಸೋಡಾ, ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಗಟ್ಟಿಯಾದ ಮೇಲೆ ಚೂರೇ ಚೂರು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಬೇಕು. ಚುರ್ ಎಂದರೆ ಸೋಡಾ ಉಳಿದಿದೆ, ಮೈಗೆ ತಾಗುವ ಬಟ್ಟೆಗೆ ಅದು ಆಗದು.

ಮೂಗಿಗೆ ಸೆರಗು ಬಿಗಿದು, ಕೈಗೆ ರಬ್ಬರಿನ ಗವುಸು ಹಾಕಿ ಮಾಳಿಗೆಯ ಮೇಲೆ ಕೂತು ಕಲಸಿದೆ. ಯಾವ ಎಣ್ಣೆ ಎಂದು ನಾನು ಕೇಳಿರಲಿಲ್ಲ. ಕೇಳುವುದೇನಿತ್ತು? ಗೋರ್ಟಾ ಕಡೆಯ ನಮ್ಮ ಹೊಲದ ಕುಸುಬಿ, ಗಾಣದ ಎಣ್ಣೆ. ಹೊಟ್ಟೆಗೆ ಒಳ್ಳೆಯದಾದದ್ದು ಎದೆಗೂ ಒಳ್ಳೆಯದೇ ಎಂದುಕೊಂಡೆ. ವಾರ ಬಿಟ್ಟು ನಾಲಿಗೆಗೆ ಮುಟ್ಟಿಸಿದರೆ ಚುರ್ ಎನ್ನುವುದಿರಲಿ, ಕಣ್ಣಲ್ಲಿ ನೀರೇ ಬಂತು. ಇದನ್ನು ಅವರ ವಸ್ತ್ರಕ್ಕೆ ಹಾಕಿದ್ದರೆ ಏನಾಗುತ್ತಿತ್ತು? ಅವ್ವನಿಗೆ ಫೋನು ಮಾಡಿ ರೇಗಾಡಿದೆ.

"ಯಾ ಎಣ್ಣಿ ಹಾಕಿದಿ?" ಎಂದಳು ಅವ್ವ.

"ಮನ್ಯಾಗಿನ ಕುಸುಬಿ ಎಣ್ಣಿ. ಮತ್ಯಾವುದು ಹಾಕಬೇಕಿತ್ತು?"

ಅವ್ವ ಗೊಳ್ಳೆಂದು ನಕ್ಕಳು. "ನಾ ಹೇಳಿದ್ದು ಕೊಬ್ಬರಿ ಎಣ್ಣಿ ಅಳತಿ. ಕುಸುಬಿ ಅಷ್ಟು ಸೋಡಾ ತಿನ್ನಂಗಿಲ್ಲ, ಎಂಟಕ್ಕ ಒಂದು ಹಾಕು. ಜರಾ ಮೆತ್ತಗ ಆಗ್ತದ, ಫಿಕರ್ ಮಾಡಬ್ಯಾಡ. ಮೊದಲಿಂದು ಫರಸಿ ನೆಲ ತಿಕ್ಕಾಕ ಇಟ್ಟುಕೋ."

ಎರಡನೆಯದು ಬೆಣ್ಣೆಯಷ್ಟು ಮೆತ್ತಗಾಯಿತು. ನಾಲ್ಕು ವಾರ ಅದು ಹದಗೊಳ್ಳಲು ಬಿಡಬೇಕಿತ್ತು. ಡಾಕ್ಟರು ಕೊಟ್ಟ ಎರಡು ತಿಂಗಳಲ್ಲಿ ಅರ್ಧ ಅದಕ್ಕೇ ಹೋಯಿತು. ದಿನಕ್ಕೆ ನಾಲ್ಕು ಸಲ ಹೋಗಿ ಬೆರಳಿನಿಂದ ಒತ್ತಿ ನೋಡುತ್ತಿದ್ದೆ, ಒತ್ತಿದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಕೊನೆಗೆ ನಾಲಿಗೆಗೆ ಮುಟ್ಟಿಸಿದ ದಿನ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಸಪ್ಪೆ. ಇನ್ನೊಮ್ಮೆ ಮುಟ್ಟಿಸಿದೆ, ಸಪ್ಪೆಯೇ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಸಾಬೂನು ನೆಕ್ಕಿ ಇಷ್ಟು ಖುಷಿಪಟ್ಟವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ಚಂಬಿಗೆ ಕಡಲೆ ಕಾಳಿನಷ್ಟು ಸಾಬೂನು, ಆಮೇಲೆ ಮೂರು ಸಲ ಬರೀ ನೀರು. ಕೊನೆಯ ನೀರನ್ನು ಗ್ಲಾಸಿಗೆ ಹಾಕಿ ಅಲುಗಾಡಿಸಿ, ನೊರೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ವಸ್ತ್ರ ಹಗ್ಗಕ್ಕೆ. ಮೊದಲಿನ ಹೊಳಪು ಹೋಯಿತು, ಹೊಗಳುವವರೂ ನಿಂತರು. ಮಾವನವರು ಮಾತ್ರ ಮಧ್ಯಾಹ್ನ ಗೊರಕೆ ಹೊಡೆದು ಮಲಗತೊಡಗಿದರು.

ಎರಡು ತಿಂಗಳಿಗೆ ಹುಮನಾಬಾದಿನ ಡಾಕ್ಟರು ನೋಡಿ, ಪೂರ್ತಿ ಆರಿದೆ, ಧಾರಾಳವಾಗಿ ಕಟ್ಟಿಕೊಳ್ಳಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಬ್ಬಾ, ಅತ್ತರೆ ಮನಸ್ಸು ಅಷ್ಟು ಹಗುರಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು, ಇದೆಲ್ಲ ನನ್ನ ಪುಡಿಯಿಂದಲೇ ಆದದ್ದು ಎಂದು ಮಾವನವರಿಗೆ ಒಪ್ಪಿಸಿದೆ. ಅವರು ಕೋಣೆಗೆ ಹೋಗಿ, ನಾಲ್ಕು ಮಡಿಕೆ ಮಾಡಿದ ಹಳೆಯ ಧೋತರದ ತುಂಡೊಂದನ್ನು ತಂದರು. ಅದರ ತುಂಬ ಒಣಗಿದ ರಕ್ತದ ಕಲೆಗಳು.

"ನನಗ ಗೊತ್ತಿತ್ತು ಯವ್ವಾ. ವಸ್ತ್ರ ಕಟ್ಟಿದ ಕೂಡ್ಲೇ ಉರಿಯಾಕ ಹತ್ತತಿತ್ತು. ನೀ ಅಷ್ಟು ಆಸ್ಥಾದಿಂದ ಬೆಳ್ಳಗ ಮಾಡಿ ಕೊಡತಿದ್ದಿ, ಹ್ಯಾಂಗ ಹೇಳಬೇಕು? ಇದನ್ನ ಎದಿಗೂ ವಸ್ತ್ರಕ್ಕೂ ನಡುವ ಇಟ್ಟು ಕಟ್ಟತಿದ್ದೆ. ಬೆವರಿಗಿ ಸರದು ಸರದು ಹೋಗತಿತ್ತು."

ಅವರು ಆ ತುಂಡನ್ನು ನನ್ನ ಕೈಯಲ್ಲಿಟ್ಟರು.

"ಇನ್ನ ಬೇಕಾಗಂಗಿಲ್ಲ ಇದು," ಎಂದರು. "ಗ್ಯಾಸಿನ ಕಟ್ಟಿ ಒರಸಾಕ ಇಟ್ಟುಕೋ."