ಪಿಸುಮಾತಿನ ಅಪ್ಪ

ನಮ್ಮ ಅಳಿಯ ಬೇಕರಿಯಲ್ಲಿ ಬ್ರೆಡ್ ಬೇಯಿಸುವವನು. ಬೀದಿ ಕಣ್ಣು ಬಿಡುವ ಮೊದಲೇ ಹೋಗಿ, ಬಿಸಿಲೇರಿದ ಮೇಲೆ ಕಿವಿಯ ಸಂದಿಯಲ್ಲೆಲ್ಲ ಮೈದಾ ಮೆತ್ತಿಕೊಂಡು ಮನೆಗೆ ಬರುತ್ತಾನೆ. ಬಂದವನೇ ನಾಲ್ಕು ತುತ್ತು ತಿಂದು, ಮನೆಗಿರುವ ಒಂದೇ ಕೋಣೆಯಲ್ಲಿ ಮುಸುಕು ಹಾಕಿ ಮಲಗಿದರೆ ಸಂಜೆಯವರೆಗೆ ಅಲುಗಾಡುವುದಿಲ್ಲ. ಮಗಳು ಆಸ್ಪತ್ರೆಯ ಕೆಲಸಕ್ಕೆ ಹೋಗುವುದರಿಂದ ಮಗುವನ್ನು ನೋಡಿಕೊಳ್ಳುವ ಭಾಗ್ಯ ನನ್ನದು. ಭಾಗ್ಯ ಅಂದೆನಲ್ಲ, ಅದು ಮಧ್ಯಾಹ್ನದವರೆಗಿನ ಮಾತು. ಆಮೇಲೆ ನನ್ನ ಸೊಂಟವನ್ನು ಕೇಳಿ.

ಮೊಮ್ಮಗಳಿಗೆ ಎರಡು ತುಂಬಿದೆ. ಗುಬ್ಬಿ ಎಂದು ಕರೆಯುತ್ತೇವೆ, ಗಂಟಲು ಮಾತ್ರ ಗುಬ್ಬಿಯದಲ್ಲ. ಬೆಳಿಗ್ಗೆ ಅಂಗಳದಲ್ಲಿ ಬಕೆಟ್ ಬಡಿಯುತ್ತ "ಅಜ್ಜೀ!" ಎಂದು ಕೂಗಿದರೆ ಎದುರುಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಇಣುಕಿ ನೋಡುತ್ತಾನೆ. ಇಂಥವಳಿಗೆ, ಅಪ್ಪ ಮಲಗಿರುವಾಗ ಸುಮ್ಮನಿರುವುದನ್ನು ಕಲಿಸಲು ನಾನೂ ಮಗಳೂ ಪಟ್ಟ ಪಾಡು ನಮಗೇ ಗೊತ್ತು. ತುಟಿಯ ಮೇಲೆ ಬೆರಳಿಟ್ಟು "ಶ್... ಅಪ್ಪ" ಎನ್ನುತ್ತಿದ್ದೆವು. ಕೊನೆಗೂ ಕಲಿತಳು. ಸ್ವಲ್ಪ ಹೆಚ್ಚೇ ಕಲಿತಳು.

ಶ್ ಎನ್ನಬೇಕಾದದ್ದು ನಿದ್ದೆಗಲ್ಲ, ಅಪ್ಪನಿಗೇ ಎಂದುಕೊಂಡುಬಿಟ್ಟಳು ಪುಣ್ಯಾತ್ಗಿತ್ತಿ. ಸಂಜೆ ಅವನೆದ್ದು ಆಕಳಿಸುತ್ತ ಕೂತರೆ ಮೆಲ್ಲಗೆ ಬಂದು, ಬೆರಳು ತುಟಿಗಿಟ್ಟು, "ಅಪ್ಪ, ತಾಚಿ" ಎಂದು ಪಿಸುಗುಟ್ಟಿ ದಿಂಬು ತಂದುಕೊಡುತ್ತಾಳೆ. ಅವನು ಕುದುರೆಯಾದ, ಕೋತಿಯಾದ, ತಲೆಯ ಮೇಲೆ ಪಾತ್ರೆ ಹೊತ್ತು ಕುಣಿದ. ಊಹೂಂ! ಅವನ ಬಾಯಿಗೆ ಅಂಗೈ ಒತ್ತಿ, ಹೊದಿಕೆ ಎಳೆದು ಹೊದಿಸಿ, ತುದಿಗಾಲಲ್ಲಿ ನಡೆದು ಬಂದುಬಿಟ್ಟಳು. ರಜೆಯ ದಿನವೂ ಇದೇ ಕಥೆ. ನಾನೂ ಮಗಳೂ ಬಿದ್ದು ಬಿದ್ದು ನಕ್ಕೆವು.

ಅವನೂ ನಗುತ್ತಿದ್ದ, ದರ್ಜಿ ಒಂದು ಸಂಜೆ ಬಾಗಿಲಲ್ಲಿ ನಿಂತು, "ಏನಪ್ಪಾ ನಿನ್ನ ಮಗಳ ಗಂಟಲು! ಬೀದಿಗೇ ಅಲಾರಂ ಬೇಡ" ಎನ್ನುವ ತನಕ. ಅವತ್ತು ಅಳಿಯನ ಮುಖ ಸಣ್ಣದಾಯಿತು.

"ಊರೋರೆಲ್ಲ ಕೇಳಿದಾರೆ ಅತ್ತೆ. ನನ್ನ ಮಗಳು ಕೂಗೋದನ್ನ ನಾನೇ ಕೇಳಿಲ್ಲ. ಒಂದ್ಸಲ ಗಟ್ಟಿಯಾಗಿ ಅಪ್ಪಾ ಅಂದ್ರೆ ಸಾಕಾಗಿತ್ತು" ಎಂದ.

ಅಯ್ಯೋ ಅನಿಸಿತು. ಜೊತೆಗೆ ಸಿಟ್ಟೂ ಬಂತು. ಇಷ್ಟುದ್ದದ ಗಂಡಸು, ಮೊಣಕಾಲೆತ್ತರದ ಕೂಸಿನ ಮುಂದೆ ಸೋತು ಕೂರುವುದೇ?

"ಸುಮ್ನಿರಿ ಅಳಿಯಂದ್ರೇ. ಅವಳು ನೋಡಿರೋದು ನೀವು ಮಲಗೋದು, ಆಕಳಿಸೋದು, ಎರಡೇ. ಇನ್ನೇನು ಮಾಡ್ತಾಳೆ ಪಾಪ?"

ಮರುದಿನ ಮಗಳು ಕೆಲಸಕ್ಕೆ ಹೊರಟ ಮೇಲೆ ಗುಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಬೇಕರಿಗೆ ನಡೆದೆ. ಬಿಸಿ ಒಲೆಯ ಹತ್ತಿರ ಮಗು ಬೇಡವೆಂದು ಇಷ್ಟು ದಿನ ಯಾರೂ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ. ಮುಂದೆ ಅಂಗಡಿ, ಹಿಂದೆ, ದೊಡ್ಡ ಗಾಜಿನಾಚೆ ಒಲೆ. ಬ್ರೆಡ್ ಕೊಳ್ಳಲು ಜನ ಸಾಲಾಗಿ ನಿಂತಿದ್ದರು. ಅವರನ್ನು ದಾಟಿ, ಬ್ರೆಡ್ ಹೊರಗೆ ಕೊಡುವ ಕಿಂಡಿಯ ಮುಂದೆ ಹೋಗಿ ನಿಂತೆ.

ಒಳಗೆ ನಮ್ಮ ಅಳಿಯ! ಮನೆಯಲ್ಲಿ ಮುಸುಕಿನೊಳಗಿನ ಗಂಟಾಗಿದ್ದವನು ಇಲ್ಲಿ ತೋಳು ಮಡಚಿ, ಉದ್ದ ಹಿಡಿಯ ಮರದ ಹಲಗೆಯಿಂದ ಬ್ರೆಡ್ ಎಳೆಯುತ್ತ, "ಬಿಸಿ ಬಿಸಿ! ದಾರಿ ಬಿಡ್ರೋ!" ಎಂದು ಕೂಗುತ್ತಿದ್ದಾನೆ. ನಡುನಡುವೆ ಹಾಡು ಬೇರೆ.

ಗುಬ್ಬಿಯ ಬೆರಳು ಅಭ್ಯಾಸದಂತೆ ತುಟಿಗೆ ಹೋಯಿತು. ಅಲ್ಲೇ ನಿಂತಿತು. ಕಣ್ಣು ಇಷ್ಟಗಲ. ನನ್ನನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಬೆರಳು ಕೆಳಗಿಳಿಯಿತು.

"ಅಪ್ಪಾ ಎದ್ದಾ! ಅಜ್ಜೀ, ಅಪ್ಪಾ ಎದ್ದಾ!"

ಸಾಲಿನವರೆಲ್ಲ ತಿರುಗಿ ನೋಡಿದರು. ಅಳಿಯ ಹಲಗೆ ಹಿಡಿದವನು ಹಿಡಿದಂತೆಯೇ ನಿಂತುಬಿಟ್ಟ. ಅವಳು ಕಿಂಡಿಯೊಳಗೆ ತಲೆ ತೂರಿಸಿ ಮತ್ತೆ ಕೂಗಿದಳು, ಮತ್ತೆ ಕೂಗಿದಳು. ಒಲೆಯಲ್ಲಿ ಉಳಿದಿದ್ದ ಬ್ರೆಡ್ ಅಷ್ಟೂ ಕಪ್ಪಾಯಿತು. ಮಾಲೀಕರು ಬಾಯಿಗೆ ಬಂದಂತೆ ಬೈದರು. ಇವನಿಗೆ ಕೇಳಿಸಿದರಲ್ಲವೇ!

ಕರಕಲು ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು, ಉಂಡು, ಎಂದಿನಂತೆ ಮುಸುಕು ಹಾಕಿದ. ಕಣ್ಣು ಹತ್ತಿತ್ತೋ ಇಲ್ಲವೋ, ಗುಬ್ಬಿ ಬಕೆಟ್ ಎಳೆದುಕೊಂಡು ಮಂಚದ ಪಕ್ಕಕ್ಕೆ ಬಂದಳು. ಅವನ ಕಿವಿಗೇ ಬಾಯಿಟ್ಟು "ಅಪ್ಪಾ, ಏಳೂ!" ಎಂದು ಸೂರು ಹಾರಿಹೋಗುವಂತೆ ಕೂಗಿದಳು. ಅಯ್ಯೋ, ಮಲಗಿದವನ ನಿದ್ದೆ ಹಾಳಾಯಿತಲ್ಲ ಎಂದು ನಾನು ಅಡುಗೆಮನೆಯಿಂದ ಓಡಿಬಂದು ಅವಳ ಬಾಯಿ ಮುಚ್ಚಲು ಹೋದೆ.

ಮುಸುಕು ಸರಿಯಿತು. ಕಣ್ಣು ಕೆಂಪಗಾಗಿತ್ತು, ಮುಖದ ತುಂಬ ನಗು.

"ಬಿಡಿ ಅತ್ತೆ. ಇನ್ನೊಂದ್ಸಲ ಕೂಗ್ಲಿ."